ತೊದಲುವಿಕೆ ಎಣಿಕೆಯಲ್ಲಿ ಐಸಿಸಿ 0.42 ಬಂದಿದ್ದಕ್ಕೆ

ತೊದಲು ಎಣಿಸೋ ಇಬ್ಬರು ರೇಟರ್‌ಗಳ ಮಧ್ಯೆ ಐಸಿಸಿ (ಇಬ್ಬರ ಎಣಿಕೆ ಎಷ್ಟು ಹೊಂದುತ್ತೆ ಅನ್ನೋ ಅಳತೆ, 1ಕ್ಕೆ ಹತ್ರ ಇದ್ದಷ್ಟು ಒಳ್ಳೇದು) 0.42 ಬಂತು, ಪಿಎಚ್‌ಡಿ ಪೈಲಟ್‌ಗೆ ಇನ್ನಷ್ಟು ಸ್ಯಾಂಪಲ್ ಸೇರಿಸ್ಲಾ ಅಂತ ಕೇಳಿದೀರಲ್ಲ, ಸೇರಿಸಿದ್ರೂ ಸರಿಹೋಗಲ್ಲ, ಬಹುಶಃ ಇಬ್ಬರೂ ಎಣಿಸ್ತಿರೋದೇ ಬೇರೆ ಬೇರೆ. "ನಾನು ನಾನು ಹೋದೆ" ಅನ್ನೋದನ್ನ ಒಬ್ರು ತೊದಲು ಅಂತ ಹಾಕಿ ಇನ್ನೊಬ್ರು ಮಾಮೂಲಿ ಮಾತು ಅಂತ ಬಿಟ್ಟಿದ್ರೆ ಕಥೆ ಅಲ್ಲೇ ಕೆಟ್ಟಿರುತ್ತೆ.

ಮೊದಲು ಒಂದೇ ರೆಕಾರ್ಡಿಂಗ್‌ನ ಎರಡೂ ಶೀಟ್ ಪಕ್ಕಪಕ್ಕ ಇಟ್ಟು ಒಟ್ಟು ಸಿಲಬಲ್ ಎಷ್ಟು ಅಂತ ನೋಡಿ, ಅದೇ ಬೇರೆ ಇದ್ರೆ ಒಂದೇ ಟ್ರಾನ್ಸ್‌ಕ್ರಿಪ್ಟ್ ಮಾಡಿ ಇಬ್ಬರಿಗೂ ಕೊಡಿ. ಆಮೇಲೆ ರೂಲ್ ಬರೆದಿಡಿ: ಇಡೀ ಪದ ಮರುಕಳಿಸಿದ್ರೆ ಲೆಕ್ಕಕ್ಕಾ ಇಲ್ವಾ, "ಕ-ಕ-ಕ-ಕಮಲ" ಒಂದು ಸಲನಾ ಮೂರು ಸಲನಾ, "ಅಂ" ಅನ್ನೋ ಫಿಲ್ಲರ್ ಏನ್ಮಾಡೋದು. ಬರೀ ಆಡಿಯೋ ಆದ್ರೆ ಸದ್ದಿಲ್ಲದ ಬ್ಲಾಕ್‌ಗಳು (ಮಾತು ಸಿಕ್ಕಿಹಾಕ್ಕೊಂಡು ನಿಲ್ಲೋದು) ತಪ್ಪಿಹೋಗ್ತವೆ, ವಿಡಿಯೋ ಇದ್ರೆ ಅದನ್ನೇ ಬಳಸಿ.

ಸ್ಟಡಿಗೆ ಸೇರದ ರೆಕಾರ್ಡಿಂಗ್‌ಗಳಲ್ಲಿ ಪ್ರಾಕ್ಟೀಸ್ ಮಾಡ್ಸಿ, ನಂತರ ಮೇನ್ ಸ್ಯಾಂಪಲ್‌ಗಳನ್ನ ಕ್ರಮ ಬದಲಿಸಿ, ಒಬ್ಬರದ್ದು ಇನ್ನೊಬ್ರು ನೋಡದ ಹಾಗೆ ಮತ್ತೆ ರೇಟ್ ಮಾಡ್ಸಿ. ಕೂತು ಮಾತಾಡಿ ಸ್ಕೋರ್ ಒಂದು ಮಾಡ್ಕೊಂಡು ಅದರ ಮೇಲೆ ಐಸಿಸಿ ಹಾಕಬೇಡಿ ದಯವಿಟ್ಟು, ಅದು ರಿಲಯಬಿಲಿಟಿ ಅಲ್ಲ. ಮೊದಲ ಸುತ್ತಿನ 0.42ನೂ ಥೀಸಿಸ್‌ನಲ್ಲಿ ಬರೀರಿ.

ಡೇಟಾ ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ, ಇನ್ನೊಂದು ಸಾಧ್ಯತೆನೂ ಇದೆ: ಎಲ್ಲರದ್ದೂ ಸೌಮ್ಯ ತೊದಲೇ ಆಗಿದ್ರೆ ವ್ಯಕ್ತಿಗಳ ನಡುವೆ ವ್ಯತ್ಯಾಸ ಕಮ್ಮಿ, ಆಗ ರೇಟರ್‌ಗಳು ಹತ್ರಹತ್ರ ಇದ್ರೂ ಐಸಿಸಿ ಬೀಳುತ್ತೆ. ಬ್ಲಾಂಡ್-ಆಲ್ಟ್‌ಮನ್ ಪ್ಲಾಟ್ (ಇಬ್ಬರ ಎಣಿಕೆಯ ವ್ಯತ್ಯಾಸ ತೋರಿಸೋ ಗ್ರಾಫ್) ಹಾಕಿದ್ರೆ ಯಾವುದು ಅಂತ ಗೊತ್ತಾಗುತ್ತೆ. ಸಾಫ್ಟ್‌ವೇರ್‌ನಲ್ಲಿ ಐಸಿಸಿ ಹಾಕುವಾಗ ಟೂ-ವೇ (ರೇಟರ್‌ಗಳ ನಡುವಿನ ವ್ಯತ್ಯಾಸನೂ ಲೆಕ್ಕಕ್ಕೆ ತಗೊಳ್ಳೋ ಮಾದರಿ), ಅಬ್ಸಲ್ಯೂಟ್ ಅಗ್ರೀಮೆಂಟ್ (ಎಣಿಕೆಯೇ ಹೊಂದಬೇಕು ಅನ್ನೋದು) ಆರಿಸಿ, ಕನ್ಸಿಸ್ಟೆನ್ಸಿ (ಏರಿಳಿತ ಒಂದೇ ಥರ ಇದ್ರೆ ಸಾಕು ಅನ್ನೋದು) ಆರಿಸಿದ್ರೆ ಒಬ್ರು ಯಾವಾಗ್ಲೂ ಜಾಸ್ತಿ ಎಣಿಸೋದು ಮುಚ್ಚಿಹೋಗುತ್ತೆ.