ಲುಬ್ಲಿಯಾನಾದ ಮುಳ್ಳುತಂತಿಯ ಹಾದಿ

ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾಕ್ಕೆ ಬಂದು ಮೂರು ತಿಂಗಳಾಯಿತು, ಮನೆಯ ಹಿಂದಿನ ಜಲ್ಲಿಹಾದಿಯ ಪಕ್ಕದಲ್ಲಿ ನಿಂತಿರುವ ಎಂಟು ಮೂಲೆಯ ಕಲ್ಲುಗಳು ಏನು ಎಂದು ಕೇಳಿದ್ದೀರಿ. ಸಹೋದ್ಯೋಗಿಯ ಮನೆಯ ಊಟದಲ್ಲಿ ‘ನಿಮ್ಮಜ್ಜ ಯುದ್ಧದಲ್ಲಿ ಯಾರ ಪರ ಇದ್ದರು?’ ಎಂದು ಕೇಳಿದ್ದೇ ತಡ, ಎಲ್ಲರೂ ಮೌನವಾದರು ಎಂದೂ ಬರೆದಿದ್ದೀರಿ. ಎರಡೂ ಒಂದೇ ಕಥೆಗೆ ಸೇರಿದ ಪ್ರಶ್ನೆಗಳು.

ಎರಡನೇ ಮಹಾಯುದ್ಧದಲ್ಲಿ ಈ ಊರನ್ನು ಆಕ್ರಮಿಸಿದ್ದ ಇಟಲಿಯ ಸೇನೆ 1942ರ ಫೆಬ್ರುವರಿ 23ರಂದು ಊರಿಗೆ ಊರನ್ನೇ ಮುಳ್ಳುತಂತಿಯಿಂದ ಸುತ್ತುಗಟ್ಟಿತು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ ಆಕ್ರಮಣಕಾರರ ವಿರುದ್ಧದ ಪ್ರತಿರೋಧ ಸಂಘಟನೆ ವಿಮೋಚನಾ ರಂಗ ಹುಟ್ಟಿಕೊಂಡಿತ್ತು. ಊರೊಳಗಿನವರಿಗೂ ಕಾಡಿನಲ್ಲಿದ್ದ ಪಾರ್ಟಿಸಾನರಿಗೂ (ಗೆರಿಲ್ಲಾ ಹೋರಾಟಗಾರರಿಗೂ) ಸಂಪರ್ಕ ತಪ್ಪಿಸುವುದು ಬೇಲಿಯ ಉದ್ದೇಶ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಯಿತು, ಜರ್ಮನ್ನರು ಬಂದರು. ಬೇಲಿ ಮಾತ್ರ 1945ರ ಮೇ 9ರವರೆಗೂ ಉಳಿಯಿತು. ಆ ಬೇಲಿ ಇದ್ದ ಜಾಗವೇ ಸುಮಾರು 34 ಕಿಲೋಮೀಟರಿನ ನಿಮ್ಮ ಹಾದಿ. ಕಲ್ಲುಗಳಿರುವಲ್ಲಿ ಕಾವಲಿನ ಬಂಕರ್‌ಗಳಿದ್ದವು. ಬಂದ ಹೊಸದರಲ್ಲಿ ನಾನೂ ಅಲ್ಲಿ ಏನೂ ತಿಳಿಯದೆ ನಡೆದವನು; ತಿಳಿದ ದಿನ ಒಂದು ಕಲ್ಲಿನ ಬಳಿ ಬಹಳ ಹೊತ್ತು ನಿಂತಿದ್ದೆ.

ಇನ್ನು ಆ ಮೌನ. ಒಂದೇ ಮನೆಯ ಅಣ್ಣ ಪಾರ್ಟಿಸಾನರ ಜೊತೆ ಕಾಡಿಗೆ ಹೋದರೆ, ತಮ್ಮ ಜರ್ಮನ್ನರ ಪಕ್ಷದಲ್ಲಿದ್ದ ದೊಮೊಬ್ರಾನ್ಸಿ ಪಡೆ ಸೇರಿದ್ದುಂಟು. ಯುದ್ಧ ಮುಗಿದ ಮೇಲೆ, ಆಸ್ಟ್ರಿಯಾದತ್ತ ಓಡಿದ್ದ ಆ ಪಡೆಯ ಸಾವಿರಾರು ಜನರನ್ನು ಬ್ರಿಟಿಷರು ಹಿಂದಕ್ಕೆ ಕಳಿಸಿದರು. ಗೆದ್ದ ಪಾರ್ಟಿಸಾನರ ಕಡೆಯವರು ವಿಚಾರಣೆಯೇ ಇಲ್ಲದೆ ಅವರಲ್ಲಿ ಬಹಳ ಮಂದಿಯನ್ನು ಕೊಂದರು; ಹಲವರನ್ನು ಕೊಚೆವ್ಸ್ಕಿ ರೋಗ್‌ನ ಕಾಡಿನ ಕಂದರಗಳಿಗೆ ಎಸೆಯಲಾಯಿತು. ಅವರಿಗಾಗಿ ಬಹಿರಂಗವಾಗಿ ಪ್ರಾರ್ಥನೆ ಸಲ್ಲಿಸಲು 1990ರ ಜುಲೈವರೆಗೆ ಕಾಯಬೇಕಾಯಿತು. ಆದ್ದರಿಂದ ಅಜ್ಜಂದಿರ ವಿಷಯ ನೀವಾಗಿ ಕೇಳಬೇಡಿ. ನಮ್ಮ ಮನೆಯೊಡತಿ ನಾನು ಬಂದ ಏಳನೆಯ ವರ್ಷ, ಸತ್ತವರನ್ನು ನೆನೆಯುವ ನವೆಂಬರ್ 1ರಂದು ಸ್ಮಶಾನದಲ್ಲಿ ಎರಡು ದೀಪ ಹಚ್ಚಿಟ್ಟು, ತಾವಾಗಿ ಹೇಳಿದರು. ಎರಡೂ ಕಡೆಯವರಿಗೆ ಒಂದೊಂದು.

ಸ್ಲೊವೇನಿಯಾ ಯುಗೊಸ್ಲಾವಿಯದಿಂದ ಬೇರೆಯಾದಾಗ ನಡೆದ 1991ರ ಹತ್ತು ದಿನಗಳ ಯುದ್ಧದ ಬಗ್ಗೆ ಕೇಳಿ, ಇವರು ಮನಬಿಚ್ಚಿ ಮಾತನಾಡುತ್ತಾರೆ. ಹಿಂದಿನ ವರ್ಷವೇ ಯುಗೊಸ್ಲಾವ್ ಸೇನೆ ಇಲ್ಲಿನ ಪ್ರಾದೇಶಿಕ ರಕ್ಷಣಾ ಪಡೆಯ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ ಹಲವು ಊರುಗಳು ಕೊಡದೆ ಅಡಗಿಸಿಟ್ಟವು. ಜೂನ್ 25ರಂದು ಸ್ವಾತಂತ್ರ್ಯ ಘೋಷಣೆ, 27ಕ್ಕೆ ಕಾಳಗ, ಜುಲೈ 7ಕ್ಕೆ ಕಾಳಗ ನಿಲ್ಲಿಸಿದ ಬ್ರಿಯೋನಿ ಒಪ್ಪಂದ. ಆದರೂ ಆ ಗೆಲುವಿನ ಮಾತಿನ ನಡುವೆ ದನಿ ತಗ್ಗುವ ಒಂದು ಗಳಿಗೆ ಇದೆ: ಮೊದಲ ದಿನ ಊರಿನ ಮೇಲೆ ಇವರು ಹೊಡೆದುರುಳಿಸಿದ ಯುಗೊಸ್ಲಾವ್ ಸೇನಾ ಹೆಲಿಕಾಪ್ಟರಿನ ಪೈಲಟ್ ಸ್ಲೊವೇನಿಯನ್ನನೇ ಆಗಿದ್ದ.

ರಜೆ ಸಿಕ್ಕರೆ ತ್ಸೆರ್ಕ್ನೊ ಊರಿನ ಬಳಿಯ ಫ್ರಾನ್ಯಾ ಪಾರ್ಟಿಸಾನ್ ಆಸ್ಪತ್ರೆಗೆ ಹೋಗಿ ಬನ್ನಿ. ಇಕ್ಕಟ್ಟಾದ ಕೊರಕಲಿನಲ್ಲಿ ಮರದ ಗುಡಿಸಲುಗಳು. ಗಾಯಾಳುಗಳನ್ನು ಕಣ್ಣು ಕಟ್ಟಿ ಹೊತ್ತು ತರುತ್ತಿದ್ದರು. 2007ರ ಪ್ರವಾಹ ಕೊಚ್ಚಿಕೊಂಡು ಹೋದದ್ದನ್ನು ಮತ್ತೆ ಕಟ್ಟಿದ್ದಾರೆ.

ಮೇ ತಿಂಗಳಲ್ಲಿ ಬೇಲಿಯ ಹಾದಿಯಲ್ಲಿ ಸಾವಿರಾರು ಜನ ನಡೆಯುತ್ತಾರೆ, ಶಾಲೆಯ ಮಕ್ಕಳೂ ಬರುತ್ತಾರೆ. ಮೂವರ ತಂಡಗಳ ಓಟವೂ ಇದೆ. ಮೂವರೂ ಗುರಿ ಮುಟ್ಟಿದರೆ ಮಾತ್ರ ಲೆಕ್ಕ. ನಮ್ಮ ತಂಡದಲ್ಲಿ ನಾನು ಮತ್ತು ಪಕ್ಕದ ಮನೆಯವರು ಇದ್ದೇವೆ. ಮೂರನೆಯವರಾಗಿ ನೀವು ಬನ್ನಿ.