ಜೋಸೆಫ್ ಬ್ರಾಂಟ್ ನಿಂತದ್ದು ಯಾರ ಪರ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೂಲನಿವಾಸಿ ಬುಡಕಟ್ಟಾದ ಮೊಹಾಕರ ನಾಯಕ ಜೋಸೆಫ್ ಬ್ರಾಂಟ್ ಬಗ್ಗೆ ಮೆಚ್ಚಿ ಬರೆದಿದ್ದೀರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಜೊತೆ ಸೇರಿದವನು, ವಯೋಮಿಂಗ್ ಕಣಿವೆಯಲ್ಲಿ ರಕ್ತ ಹರಿಸಿದವನು. ಇಂಥವನನ್ನು ಕನ್ನಡ ಪತ್ರಿಕೆ ಹೊಗಳಬೇಕಾ?"
— ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಚೆನ್ನಮ್ಮ, ರಾಯಣ್ಣರ ಕಥೆ ಕೇಳಿ ಬೆಳೆದವರಿಗೆ ಬ್ರಿಟಿಷರ ಪಕ್ಕ ನಿಂತವರನ್ನು ಒಪ್ಪಿಕೊಳ್ಳುವುದು ಕಷ್ಟವೇ. ಆದರೆ ಮೊಹಾಕರ ಊರಿನಲ್ಲಿ ನಿಂತು ನೋಡಿ. ಅವರ ಹೊಲ, ಬೇಟೆಯ ಕಾಡುಗಳ ಮೇಲೆ ಕಣ್ಣಿಟ್ಟಿದ್ದವರು ಪಕ್ಕದಲ್ಲೇ ಬಂದು ನೆಲೆಸಿದ್ದ ವಲಸಿಗರು. ಅಪಲೇಚಿಯನ್ ಬೆಟ್ಟಸಾಲಿನ ಆಚೆ ಇವರು ಹೋಗಿ ನೆಲೆಸಕೂಡದು ಎಂದು ಲಂಡನ್ನಿನ ದೊರೆ 1763ರಲ್ಲಿ ಗೆರೆ ಎಳೆದಿದ್ದ. ವಲಸಿಗರು ಅವನ ವಿರುದ್ಧ ತಿರುಗಿಬೀಳಲು ಆ ಗೆರೆಯೂ ಒಂದು ಕಾರಣ. ಇವರು ಗೆದ್ದರೆ ನಮ್ಮ ನೆಲ ಹೋಯಿತು ಎಂದು ಬ್ರಾಂಟ್ ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಲಿಲ್ಲ.

ವಯೋಮಿಂಗ್ ವಿಷಯ ಮೊದಲು ಹೇಳಿಬಿಡುತ್ತೇನೆ. 1778ರ ಜುಲೈನಲ್ಲಿ ಅಲ್ಲಿ ಕಾಳಗ ನಡೆದಾಗ ಬ್ರಾಂಟ್ ಅಲ್ಲಿರಲೇ ಇಲ್ಲ. ಸ್ಕಾಟ್ಲೆಂಡಿನ ಕವಿಯೊಬ್ಬರು 1809ರಲ್ಲಿ ಅವರನ್ನು ರಾಕ್ಷಸ ಎಂದು ಕರೆದು ಪದ್ಯ ಬರೆದರು. ಆಮೇಲೆ ಬ್ರಾಂಟರ ಮಗ ಜಾನ್ ಇಂಗ್ಲೆಂಡಿಗೆ ಹೋಗಿ ದಾಖಲೆ ಮುಂದಿಟ್ಟಾಗ ಕವಿ ತಪ್ಪನ್ನು ಒಪ್ಪಿಕೊಂಡರು. ಆದರೆ 1778ರ ನವೆಂಬರ್‌ನಲ್ಲಿ ಚೆರ್ರಿ ವ್ಯಾಲಿ ಎಂಬ ವಲಸಿಗರ ಊರಿನ ಮೇಲೆ ನಡೆದ ದಾಳಿಯಲ್ಲಿ ಬ್ರಾಂಟ್ ಇದ್ದರು. ಅಲ್ಲಿ ಊರಿನವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು, ಹೆಂಗಸರು ಮಕ್ಕಳೇ ಜಾಸ್ತಿ. ದಾಳಿ ಮಾಡಿದ ಬ್ರಿಟಿಷ್ ಪರ ದಂಡಿನ ಮುಖ್ಯಸ್ಥ ವಾಲ್ಟರ್ ಬಟ್ಲರ್. ಬ್ರಾಂಟ್ ಕೆಲವರನ್ನು ಉಳಿಸಲು ನೋಡಿದರು ಎನ್ನುತ್ತಾರೆ. ಆದರೂ ಆ ಕಲೆ ಅವರ ಹೆಸರಿನಿಂದ ಪೂರ್ತಿ ಹೋಗುವುದಿಲ್ಲ. ಅವರು ಗುಲಾಮರನ್ನು ಇಟ್ಟುಕೊಂಡಿದ್ದರು ಎಂಬುದೂ ನಿಜ.

ಮರುವರ್ಷ ವಾಷಿಂಗ್ಟನ್ ಆಜ್ಞೆಯಂತೆ ಜನರಲ್ ಸಲಿವನ್ ದಂಡು ಬಂತು. ಮೊಹಾಕರೂ ಸೇರಿದ್ದ ಆರು ಬುಡಕಟ್ಟುಗಳ ಒಕ್ಕೂಟದ ನಲವತ್ತಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತು. ಕೊಯ್ಲಿಗೆ ಬಂದಿದ್ದ ಮೆಕ್ಕೆಜೋಳ ಬೂದಿಯಾಯಿತು. ಹಣ್ಣಿನ ಮರಗಳನ್ನೂ ಬಿಡಲಿಲ್ಲ. ಆ ಚಳಿಗಾಲ ಸಾವಿರಾರು ಜನ ನಯಾಗರಾ ಕೋಟೆಯ ಸುತ್ತ ಹಸಿವಿನಲ್ಲಿ ಕಳೆದರು.

1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. (ಅದರ ನಾಯಕ ಕಾರ್ನ್‌ವಾಲಿಸ್, ಹನ್ನೊಂದು ವರ್ಷದ ನಂತರ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನೂ ಇವನೇ.) 1783ರ ಒಪ್ಪಂದದಲ್ಲಿ ಬ್ರಿಟಿಷರು ಮೊಹಾಕರ ನೆಲವನ್ನೂ ಅಮೆರಿಕಕ್ಕೆ ಬಿಟ್ಟುಕೊಟ್ಟರು. ಪ್ರಾಣ ಕೊಟ್ಟು ಕಾದಾಡಿದ ಮಿತ್ರರ ಬಗ್ಗೆ ಅದರಲ್ಲಿ ಒಂದೇ ಒಂದು ಮಾತಿಲ್ಲ. ನನ್ನನ್ನು ಕೇಳಿದರೆ, ಬ್ರಾಂಟರ ದೊಡ್ಡ ಹೋರಾಟ ಶುರುವಾದದ್ದೇ ಇಲ್ಲಿಂದ.

ಹುಡುಗನಾಗಿದ್ದಾಗ ಕನೆಕ್ಟಿಕಟ್‌ನ ಮಿಷನರಿ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಈಗ ಕೆಲಸಕ್ಕೆ ಬಂತು. ಅರ್ಜಿ ಬರೆದರು, ಗವರ್ನರ್‌ಗಳ ಜೊತೆ ವಾದಿಸಿದರು. 1784ರ ಅಕ್ಟೋಬರ್‌ನಲ್ಲಿ ಗವರ್ನರ್ ಹಾಲ್ಡಿಮಂಡ್ ಕೈಯಿಂದ ಕೆನಡಾದಲ್ಲಿ ನೆಲದ ಪತ್ರ ಬಂತು. ಗ್ರ್ಯಾಂಡ್ ನದಿಯ ಎರಡೂ ದಡದಲ್ಲಿ ಆರಾರು ಮೈಲಿ, ನದಿ ಈರಿ ಸರೋವರಕ್ಕೆ ಸೇರುವ ಜಾಗದಿಂದ ಹುಟ್ಟುವ ಜಾಗದವರೆಗೆ, ನೀವೂ ನಿಮ್ಮ ಸಂತತಿಯೂ ಎಂದೆಂದಿಗೂ ಅನುಭವಿಸಿ ಎಂದು ಅದರಲ್ಲಿತ್ತು. ಸುಮಾರು ಒಂಬತ್ತೂವರೆ ಲಕ್ಷ ಎಕರೆ. ಮರುವರ್ಷ ಬ್ರಾಂಟ್ ಎರಡನೇ ಸಲ ಲಂಡನ್ನಿಗೂ ಹೋದರು.

1793ರಲ್ಲಿ ಮುಂದಿನ ಅಧಿಕಾರಿ ಸಿಮ್ಕೋ ಹೊಸ ಪತ್ರ ತಂದ. ಅದರಲ್ಲಿ ನದಿಯ ಮೇಲ್ಭಾಗ ಮಾಯವಾಗಿತ್ತು. ನೆಲ ಮಾರುವುದಾದರೆ ಸರ್ಕಾರಕ್ಕೆ ಮಾತ್ರ ಮಾರಬೇಕು ಎಂಬ ಷರತ್ತೂ ಇತ್ತು. ಬ್ರಾಂಟ್ ಒಪ್ಪಲಿಲ್ಲ. ನಾವು ದೊರೆಯ ಮಿತ್ರರು, ಪ್ರಜೆಗಳಲ್ಲ. ನಮ್ಮ ನೆಲವನ್ನು ಏನು ಮಾಡಬೇಕೆಂದು ನಾವೇ ತೀರ್ಮಾನಿಸುತ್ತೇವೆ ಎಂಬುದು ಅವರ ಪಟ್ಟು. ಆಮೇಲೆ ಅವರೇ ದೊಡ್ಡ ದೊಡ್ಡ ತುಂಡುಗಳನ್ನು ಬಿಳಿಯರಿಗೆ ಮಾರಿದ್ದು ಸ್ವಂತ ಜನರಲ್ಲೇ ಜಗಳ ಹುಟ್ಟಿಸಿತು. ಅದು ಸರಿಯಿತ್ತೇ ಎಂದರೆ, ನನಗೆ ಹಾಗನಿಸುವುದಿಲ್ಲ. ಬೇಟೆ ಕಡಿಮೆಯಾಗಿ ಜನರಿಗೆ ಹಣ ಬೇಕಾಗಿತ್ತು ಎಂಬುದನ್ನೂ ಮರೆಯಬಾರದು.

1807ರಲ್ಲಿ ಅವರು ತೀರಿಕೊಂಡರು. ಈಗ ಗ್ರ್ಯಾಂಡ್ ನದಿಯ ಆ ಜನರಿಗೆ ಉಳಿದಿರುವುದು ಸುಮಾರು 46,000 ಎಕರೆ. ಹೋದ ನೆಲದ, ಅದರಿಂದ ಬಂದ ಹಣದ ಲೆಕ್ಕ ಕೊಡಿ ಎಂದು 1995ರಲ್ಲಿ ಅವರು ಕೆನಡಾ ಸರ್ಕಾರದ ಮೇಲೆ ದಾವೆ ಹೂಡಿದರು. ಈ ಕಾರಣಕ್ಕೇ ನಾವು ಬ್ರಾಂಟ್ ಬಗ್ಗೆ ಬರೆದದ್ದು. ಅವರಿಗಿಂತ ಕಡಿಮೆಯಿಲ್ಲದ ಅವರ ಅಕ್ಕ ಮಾಲಿ ಬ್ರಾಂಟ್ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅದನ್ನೂ ಓದಿ, ಒಪ್ಪಿಗೆಯಾಗದಿದ್ದರೆ ಮತ್ತೆ ಪತ್ರ ಬರೆಯಿರಿ.