ಸುಮ್ಮನಿರದ ಬೆರಳು, ಒಲ್ಲದ ಬದನೆಕಾಯಿ

ಇಲ್ಲಿ ಬರುವವರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಅವರನ್ನು ಅಕ್ಕ ಎಂದಷ್ಟೇ ಕರೆಯುತ್ತೇನೆ.

ಅಕ್ಕನಿಗೆ 57 ವರ್ಷ. ತವರು ಗದಗ ಕಡೆ, ಗಂಡನ ಮನೆ ಹುಬ್ಬಳ್ಳಿ. ಧಾರವಾಡದಲ್ಲಿ ನಾನು ಆಪ್ತಸಮಾಲೋಚನೆ ಮಾಡುವ ಕೋಣೆಗೆ ಮೊದಲ ಸಲ ಗಂಡನ ಜೊತೆ ಬಂದರು, ಮಾತು ತೆಗೆದವರೂ ಗಂಡನೇ. "ಇಕಿ ಬೆರಳು ಸುಮ್ಮನ ಇರೂದಿಲ್ರಿ. ನರದ ಡಾಕ್ಟರಿಗೆ ತೋರ್ಸೇವಿ, ಏನೂ ಇಲ್ಲ ಅಂದಾರ. ಮತ್ತ ಮೊನ್ನೆ ಹಾವೇರಿಗೆ ಮಗಳ ಮನಿಗೆ ಹೋದಾಗ ಬೀಗತಿ ಬಡಿಸಿದ ಎಣ್ಣೆಗಾಯಿ ತಾಟಿನ ಅಂಚಿಗೆ ಸರಿಸಿ ಬಂದಾಳ. ಅವ್ರಿಗೆ ಭಾಳ ಬ್ಯಾಸರಾಗೇದ." ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಬಲಗೈಯ ತೋರುಬೆರಳು ಮಾತ್ರ ತೊಡೆಯ ಮೇಲೆ ಸಣ್ಣಗೆ ಓಡಾಡುತ್ತಿತ್ತು.

ಆ ದಿನ ನಾನು ತಪ್ಪು ಮಾಡಿದೆ. ಆತಂಕದಿಂದ ಹುಟ್ಟಿದ ಚಟ ಎಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಎರಡು ವಾರದ ಮೇಲೆ ಬಂದಾಗ ಏನೂ ಬದಲಾಗಿರಲಿಲ್ಲ. ಈ ಸಲ ಅವರೊಬ್ಬರನ್ನೇ ಕೂರಿಸಿಕೊಂಡು, ಮಾತಿಗಿಂತ ಹೆಚ್ಚಾಗಿ ಬೆರಳನ್ನೇ ನೋಡಿದೆ. ಪಾರ್ಕಿನ್ಸನ್ ಕಾಯಿಲೆಯ ನಡುಕ ಸಾಮಾನ್ಯವಾಗಿ ಕೈ ವಿಶ್ರಾಂತಿಯಲ್ಲಿದ್ದಾಗ ಎದ್ದು ಕಾಣುತ್ತದೆ. ಇವರದು ತಿರುವುಮುರುವು. ಕೋಣೆ ಶಾಂತವಾದರೆ ಬೆರಳೂ ಶಾಂತ, ನಾನು ಬಾಯಿ ತೆರೆದ ಕೂಡಲೇ ಅದು ಹೊರಡುತ್ತಿತ್ತು. ಒಂದೊಂದು ಗೆರೆ ಹಗುರ, ಒಂದೊಂದಕ್ಕೆ ಸೀರೆಯ ಬಟ್ಟೆ ತಗ್ಗುವಷ್ಟು ಒತ್ತು.

"ಏನು ಬರೀತೀರಿ ಅಕ್ಕಾ?" ಅಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕಣ್ಣು ತುಂಬಿಕೊಂಡು, "ಶಾರ್ಟ್‌ಹ್ಯಾಂಡ್‌ರಿ" ಅಂದರು.

ಗದಗಿನಲ್ಲಿ ಹತ್ತೊಂಬತ್ತನೇ ವಯಸ್ಸಿಗೆ, 1987ರಲ್ಲಿ, ಇಂಗ್ಲಿಷ್ ಶಾರ್ಟ್‌ಹ್ಯಾಂಡ್, ಅಂದರೆ ಮಾತಿನ ವೇಗಕ್ಕೇ ಗೆರೆಗಳಲ್ಲಿ ಬರೆದುಕೊಳ್ಳುವ ಶೀಘ್ರಲಿಪಿ, ಕಲಿತು ಮೊದಲ ಪರೀಕ್ಷೆ ಪಾಸಾಗಿದ್ದರು. ಮುಂದಿನದಕ್ಕೆ ಫೀ ಕಟ್ಟುವಷ್ಟರಲ್ಲಿ ಮದುವೆ ಗೊತ್ತಾಯಿತು. ಕೂಡುಕುಟುಂಬ, ಹನ್ನೊಂದು ಮಂದಿ. ಅಲ್ಲಿಂದ ಪೆನ್ಸಿಲ್ ಹಿಡಿದಿಲ್ಲ. ಆದರೆ ಮೂವತ್ತೇಳು ವರ್ಷ ಮನೆಯಲ್ಲಿ ಯಾರು ಏನೇ ಮಾತಾಡಲಿ, ಬೆರಳು ಬರೆದುಕೊಳ್ಳುತ್ತಲೇ ಬಂದಿದೆ.

ನನಗೆ ಅದರ ಗಂಧವಿರಲಿಲ್ಲ, ಹೇಳಿಕೊಡಿ ಅಂದೆ. ಅವರ ದನಿ ಬದಲಾದದ್ದು ಆಗಲೇ. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಹೊರತಂದ ಪದ್ಧತಿಯಿದು, ಇದರಲ್ಲಿ ಸ್ಪೆಲಿಂಗ್ ಬರೆಯುವುದಿಲ್ಲ, ಸಪ್ಪಳ ಬರೆಯುತ್ತಾರೆ. ಪ ಮತ್ತು ಬ ಎರಡಕ್ಕೂ ಒಂದೇ ಓರೆ ಗೆರೆ. ತೆಳ್ಳಗಿದ್ದರೆ ಪ, ದಪ್ಪಗಿದ್ದರೆ ಬ. ಕ ಮತ್ತು ಗ ಎರಡಕ್ಕೂ ಅಡ್ಡ ಗೆರೆ, ಅಲ್ಲಿಯೂ ಅದೇ ತೆಳು-ದಪ್ಪ. ಆ ಒತ್ತು ಅದಕ್ಕಾಗಿ! ಸಪ್ಪಳ ಬರೆಯುವುದರಿಂದ ಕನ್ನಡದ ಮಾತೂ ಅದರಲ್ಲಿ ಕೂರುತ್ತದೆ. "'ಳ'ಕ್ಕ ನಾನ ಒಂದು ಗುರ್ತು ಮಾಡ್ಕೊಂಡೀನ್ರಿ" ಅಂದರು. ಯಾರಿಗೂ ತೋರಿಸದ ವಿದ್ಯೆಗೆ ತಾವೇ ಒಂದು ಅಕ್ಷರ ಸೇರಿಸಿಕೊಂಡಿದ್ದರು. ಇದನ್ನು ಚಟವೆಂದು ಕರೆದು ಬಿಡಿಸಲು ಹೊರಟಿದ್ದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಬದನೆಕಾಯಿಯ ಕಥೆ ಮೂರನೇ ಭೇಟಿಯಲ್ಲಿ ಬಂತು. ಮದುವೆಯಾದ ಮೊದಲ ಎಳ್ಳಮಾವಾಸ್ಯೆ. ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಹೊಲದಲ್ಲೇ ಊಟ: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಹೊಸ ಸೊಸೆಗೆ ಎಣ್ಣೆಗಾಯಿ ಎರಡೆರಡು ಸಲ ಹಾಕಿದರು. ರಾತ್ರಿಯಿಡೀ ವಾಂತಿ. ನಾಲ್ಕು ದಿನಕ್ಕೆ ಕಣ್ಣು ಹಳದಿ. ಕಾಮಾಲೆ ಆಗಲೇ ಒಳಗೆ ಕೂತಿತ್ತು, ಹೊಟ್ಟೆ ತೊಳಸುವುದು ಕಣ್ಣು ಹಳದಿಯಾಗುವುದಕ್ಕಿಂತ ಮುಂಚೆಯೇ ಶುರುವಾಗುವುದುಂಟು. ಅದೇ ಎಣ್ಣೆಗಾಯಿ ಉಂಡ ಉಳಿದವರೆಲ್ಲ ಚೆನ್ನಾಗಿದ್ದರು. ಇದೆಲ್ಲ ಅಕ್ಕನಿಗೆ ಗೊತ್ತು. ಆದರೂ ಎಣ್ಣೆಗಾಯಿಯ ವಾಸನೆ ಬಂದರೆ ಗಂಟಲು ಬಿಗಿಯುತ್ತದೆ.

ಇದು ಹಟವಲ್ಲ. 1955ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರು ಕೊಟ್ಟು, ಜೊತೆಗೆ ವಿಕಿರಣಕ್ಕೆ ಒಡ್ಡಿದರು. ಹೊಟ್ಟೆ ಕೆಡಿಸಿದ್ದು ವಿಕಿರಣ, ಇಲಿಗಳು ದೂರವಿಟ್ಟದ್ದು ಸಿಹಿನೀರನ್ನು. ಹೊಟ್ಟೆ ಕೆಟ್ಟಾಗ ದೇಹ ಕೊನೆಗೆ ತಿಂದ ರುಚಿಯ ಮೇಲೆ ತಪ್ಪು ಹೊರಿಸುತ್ತದೆ. ಒಂದೇ ಸಲಕ್ಕೆ ಕಲಿಯುತ್ತದೆ, ನಡುವೆ ಕೆಲವು ತಾಸು ಕಳೆದಿದ್ದರೂ ಕಲಿಯುತ್ತದೆ. ವಿಷದ ಕಾಯಿ ತಿಂದು ಬದುಕುಳಿದ ಜೀವಿಗೆ ಇದು ಬೇಕಾದ ಪಾಠವೇ. ಬದನೆಕಾಯಿ ನಿರಪರಾಧಿ ಎಂದು ತಲೆ ಹೇಳಿದರೂ ಹೊಟ್ಟೆ ಕೇಳುವುದಿಲ್ಲ. ಒಂದು ಮಾತು ಸೇರಿಸಬೇಕು: ಹೀಗೆ ಒಂದೇ ತಿನಿಸಿಗೆ ಅಂಟಿದ ಒಲ್ಲದಿಕೆ ಬೇರೆ, ಇದ್ದಕ್ಕಿದ್ದಂತೆ ಎಲ್ಲ ಊಟ ಸೇರದಂತಾಗಿ ತೂಕ ಇಳಿಯುವುದು ಬೇರೆ. ಎರಡನೆಯದಕ್ಕೆ ಮೊದಲು ವೈದ್ಯರ ಬಳಿ ಹೋಗಬೇಕು.

ನನ್ನನ್ನು ಕಾಡಿದ ಪ್ರಶ್ನೆ ಇನ್ನೊಂದು. ಬದನೆಕಾಯಿ ವಾರಕ್ಕೆ ಎರಡು ಸಲ ಬೇಯುವ ಮನೆಯಲ್ಲಿ ಇದು ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲವೆ? ಗೊತ್ತಾಗಿರಲಿಲ್ಲ. ಅಕ್ಕ ದಿನವೂ ಎಲ್ಲರದೂ ಆದ ಮೇಲೆ ಒಲೆಕಟ್ಟೆಗೆ ಒರಗಿ ನಿಂತೇ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡು ಮುಗಿಸುತ್ತಾರೆ. ಹಾವೇರಿಯಲ್ಲಿ ಬೀಗತಿಯೆಂದು ಮೊದಲ ಪಂಕ್ತಿಗೆ ಕೂರಿಸಿದರು. ಇಷ್ಟು ವರ್ಷದಲ್ಲಿ ಅವರ ತಾಟನ್ನು ಯಾರಾದರೂ ನೋಡಿದ್ದು ಅವತ್ತೇ. ಗಂಡನನ್ನು ಕರೆದು ಇದನ್ನು ಹೇಳಿದಾಗ ಅವರು ಸುಮ್ಮನಾದರು. "ನಾ ಒಮ್ಮೆನೂ ಕೇಳಿಲ್ರಿ" ಅಂದರು. ಕೆಟ್ಟ ಮನುಷ್ಯರಲ್ಲ ಅವರು.

ಸಲಹೆ ಕೊಡುವ ಮುಂಚೆ ಅಕ್ಕನನ್ನು ಕೇಳಿದೆ: ಬದನೆಕಾಯಿ ತಿನ್ನುವಂತಾಗಬೇಕೋ, ತಿನ್ನದಿದ್ದರೆ ಯಾರೂ ತಪ್ಪು ತಿಳಿಯದಂತಾಗಬೇಕೋ? "ಎರಡನೇದ್ರಿ" ಅಂದರು ತಡಮಾಡದೆ. ಹಾಗಾದರೆ ಬೀಗತಿಗೆ ಹೇಳಲು ಒಂದು ಮಾತು ಸಾಕಿತ್ತು. ಇಬ್ಬರೂ ಕೂತು ಕಟ್ಟಿದೆವು: "ನಿಮ್ಮ ಕೈರುಚಿ ಕಮ್ಮಿ ಅಂತಲ್ಲರಿ, ಕಾಮಾಲಿ ಆದಾಗಿಂದ ಬದನಿಕಾಯಿ ನನ್ನ ಹೊಟ್ಟಿ ಒಪ್ಪೂದಿಲ್ಲ. ನಿಮ್ಮ ಹಿಂಡಿ ಹಾಕ್ರಿ, ಇನ್ನೊಂದು ರೊಟ್ಟಿ ಉಣ್ತೀನಿ." ಮೂರು ಸಲ ಜೋರಾಗಿ ಹೇಳಿಸಿದೆ, ಮೊದಲ ಸಲ ದನಿಯೇ ಬರಲಿಲ್ಲ. ಮುಂದೆಂದಾದರೂ ತಿನ್ನಬೇಕೆನಿಸಿದರೆ ಎಣ್ಣೆಗಾಯಿಯಿಂದ ಶುರು ಮಾಡಬೇಡಿ, ವಾಸನೆ ರೂಪ ಎರಡೂ ಬೇರೆಯಾದ ಸುಟ್ಟ ಬದನೆಕಾಯಿ ಬಜ್ಜಿ, ಚೆನ್ನಾಗಿ ಹಸಿದಾಗ, ಒಂದೇ ತುತ್ತು, ಹೊಟ್ಟೆ ತೊಳಸುವ ಮುಂಚೆಯೇ ನಿಲ್ಲಿಸಿ ಎಂದೆ. ಯಾರೂ ಒತ್ತಾಯ ಮಾಡಕೂಡದು ಎಂದು ಗಂಡನಿಗೂ ಹೇಳಿದೆ.

ಊಟದ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ರಾತ್ರಿ ಊಟಕ್ಕೆ ಎಲ್ಲರ ಜೊತೆ ಕೂರಬೇಕು. ಹಂಚು ಇಳಿಸಿದ ಕೂಡಲೇ ತಾಟು ಹಿಡಿದು ಕೂರುವುದು, ಹೀಗೆ ಹಳೆಯ ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಿದರೆ ರೂಢಿ ಬೇಗ ಹತ್ತುತ್ತದೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಹೊಸ ರೂಢಿ ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಬಂತು. ನಡುವಿನ ಲೆಕ್ಕ 66. ಒಂದು ದಿನ ತಪ್ಪಿದರೆ ಕೆಡುವುದಿಲ್ಲ. ಬಡಿಸುವುದು ಯಾರು ಎಂದು ಅಕ್ಕ ಕೇಳಿದಾಗ ಗಂಡ, "ಪಾತ್ರಿ ನಡುವ ಇಟ್ಕೊಂಡ್ರ ಆತು" ಅಂದರು.

ಬೆರಳಿಗೆ ಮೆತ್ತನೆ ಸೀಸದ ಪೆನ್ಸಿಲ್ ಮತ್ತು ಗೆರೆಯ ನೋಟ್‌ಬುಕ್. ಬಾಲ್‌ಪೆನ್ನಿನಲ್ಲಿ ತೆಳು-ದಪ್ಪ ಸರಿಯಾಗಿ ಮೂಡುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ರೇಡಿಯೋ ಹಚ್ಚಿಕೊಂಡು ಕೇಳಿದ್ದನ್ನು ಬರೆಯಿರಿ ಎಂದೆ. ಇದರಿಂದ ನೌಕರಿ ಸಿಗುತ್ತದೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕೊನೆಯ ಭೇಟಿಗೆ ಅಕ್ಕ ನೋಟ್‌ಬುಕ್ ತಂದಿದ್ದರು. ರೇಡಿಯೋ ನಾಲ್ಕೇ ದಿನಕ್ಕೆ ಬೇಸರವಾಗಿ, ಫೋನಿನಲ್ಲಿ ಮಾತಾಡುವವರ ಮಾತು ಬರೆದುಕೊಳ್ಳತೊಡಗಿದ್ದರು, ಅವರಿಗೆ ಹೇಳಿಯೇ. ಬೀಗತಿಗೆ ಕಾಮಾಲೆಯ ಮಾತು ಹೇಳಿಯಾಗಿತ್ತು. ಆಕೆ ನಕ್ಕು, ಹಾಗಾದರೆ ಮಗಳಿಗಾದರೂ ಮಾಡಿ ಹಾಕ್ರಿ ಎಂದು ತಮ್ಮ ಎಣ್ಣೆಗಾಯಿ ಮಾಡುವ ಬಗೆ ಹೇಳಿದ್ದರಂತೆ. ಅದು ಒಂದೂವರೆ ಪುಟ ಇತ್ತು. ಅಕ್ಕ ಬೆರಳಿಟ್ಟು ನಿಲ್ಲದೆ ಓದಿದರು: ಶೇಂಗಾ ಹುರಿದು ಕುಟ್ಟಿ, ಗುರೆಳ್ಳು, ಹುಣಸಿಹುಳಿ, ಚೂರು ಬೆಲ್ಲ, ತೊಟ್ಟು ಬಿಡದಂಗ ನಾಕು ಸೀಳು. ಬದನಿಕಾಯಿ ಎಂಬಲ್ಲಿ ಓರೆ ಗೆರೆ ತೋರಿಸಿ, "ನೋಡ್ರಿ, ಬ ದಪ್ಪ ಬಂದದ" ಅಂದರು.

ತಾವು ಇನ್ನೂ ತಿಂದಿಲ್ಲ.